ಮಗಳ ಸಮ್ಮತಿ

ತಂದೆತಾಯಿಗಳು ಮಕ್ಕಳಿಂದ ಏನನ್ನು ಬೇಡಬಹುದು, ಏನನ್ನು ಬೇಡಲಾಗದು ಎಂಬ ವಿಚಾರವು ಬಹು ಹಳೆಯದು. ವಿನಯವನ್ನು ಬೇಡಬಹುದು, ಸೇವೆಯನ್ನು ಬೇಡಬಹುದು, ಮುಪ್ಪಿನಲ್ಲಿ ಅನ್ನವನ್ನು ಬೇಡಬಹುದು. ಇವುಗಳಲ್ಲಿ ಯಾರಿಗೂ ಸಂಶಯವಿಲ್ಲ. ಆದರೆ ಇನ್ನೂ ವಿದ್ಯಾಭ್ಯಾಸದಲ್ಲಿರುವ ಮಗುವಿನಲ್ಲಿ ಒಂದು ವಿಶೇಷ ಶಕ್ತಿಯು ಕಂಡುಬಂದು, ಅದರಿಂದ ಇಡೀ ಮನೆಗೆ ಅನ್ನ ದೊರೆಯುವಂತಿದ್ದರೆ, ಆ ಶಕ್ತಿ ಯಾರದು? ಮಗುವಿನದೋ, ಮನೆಯದೋ? ಮಗುವು 'ಆಗಲಿ' ಎಂದಿತೆಂದರೆ ಅಷ್ಟರಿಂದಲೇ ಪ್ರಶ್ನೆ ಮುಗಿಯಿತೇ?

ಇದು ಈಗ ಎಲ್ಲಿಯೋ ಪಟ್ಟಣದ ನಟರ ಮನೆಗೆ ಮಾತ್ರ ಸೇರಿದ ಪ್ರಶ್ನೆಯಾಗಿ ಉಳಿದಿಲ್ಲ. ದೂರದರ್ಶನದ ವಾಹಿನಿಗಳು ಮಕ್ಕಳ ಹಾಡುಗಾರಿಕೆಗೂ ಅಭಿನಯಕ್ಕೂ ಸ್ಪರ್ಧೆಗಳನ್ನು ಏರ್ಪಡಿಸಿರುವುದನ್ನು ವಾಚಕರೆಲ್ಲರೂ ಬಲ್ಲರು. 'ಎದೆ ತುಂಬಿ ಹಾಡುವೆನು' ಎಂಬುದನ್ನು ನೋಡಿದ ಮನೆಗಳೇ 'ಡ್ರಾಮಾ ಜೂನಿಯರ್ಸ್' ಎಂಬುದನ್ನೂ ನೋಡಿದವು. ಮಗಳ ಕಂಠವೋ ಮುಖವೋ ಚೆನ್ನಾಗಿದೆಯೆಂದು ನಾಲ್ಕು ಜನರು ಹೇಳಿದೊಡನೆ ಬೆಂಗಳೂರಿನ ಬಸ್ಸನ್ನು ಹತ್ತುವ ತಂದೆತಾಯಿಗಳು ಈ ಸೀಮೆಯಲ್ಲಿಯೂ ಉಂಟು. ಅವರನ್ನು ದೂಷಿಸುವುದು ಸುಲಭ. ವಿಚಾರಿಸುವುದು ಅಷ್ಟು ಸುಲಭವಲ್ಲ. ವಿಚಾರಕ್ಕೆ ದೃಷ್ಟಾಂತವು ಬೇಕಾದರೆ ಹೇಮಗಿರಿಯಿಂದ ಬಹಳ ದೂರಕ್ಕೆ ಹೋಗಬೇಕಾದುದಿಲ್ಲ. ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯಲ್ಲಿಯೇ ಒಂದು ದೊರೆಯುತ್ತದೆ.

1948ನೆಯ ಇಸವಿ ಫೆಬ್ರವರಿ 24ರಂದು ಮೇಲುಕೋಟೆಯಲ್ಲಿ ಜನಿಸಿದ ಆ ಹೆಣ್ಣುಮಗುವಿಗೆ ಮೊದಲು ಇಟ್ಟ ಹೆಸರು ಕೋಮಲವಲ್ಲಿ. ಮೈಸೂರಿನಲ್ಲಿ ಕುಟುಂಬದವರು ವಾಸವಾಗಿದ್ದ ಜಯವಿಲಾಸ, ಲಲಿತವಿಲಾಸ ಎಂಬ ಎರಡು ಮನೆಗಳ ಹೆಸರುಗಳನ್ನು ಕೂಡಿಸಿ ಜಯಲಲಿತಾ ಎಂಬ ಹೆಸರು ಬಂದಿತು. ಪಿತಾಮಹರು ಮೈಸೂರಿನ ಅರಮನೆಯಲ್ಲಿ ವೈದ್ಯರಾಗಿದ್ದವರು. ಮಗುವಿಗೆ ಎರಡು ವರ್ಷವಾದಾಗ ತಂದೆ ಜಯರಾಮ್ ತೀರಿಕೊಂಡರು. ತಾಯಿ ವೇದವಲ್ಲಿ ಎರಡು ಮಕ್ಕಳೊಡನೆ ತವರಿಗೆ ಬಂದು, ಬೆಂಗಳೂರಿನಲ್ಲಿ ಬೆರಳಚ್ಚಿನ ಕೆಲಸ ಮಾಡಿ, ಅನಂತರ ಮದರಾಸಿಗೆ ಹೋಗಿ, 'ಸಂಧ್ಯಾ' ಎಂಬ ಹೆಸರಿನಿಂದ ಚಲಚ್ಚಿತ್ರಗಳಲ್ಲಿ ಪಾತ್ರ ವಹಿಸಿದರು. ಮಗಳು ಕೆಲವು ವರ್ಷ ಮೈಸೂರಿನಲ್ಲಿ ಚಿಕ್ಕಮ್ಮನ ಆಶ್ರಯದಲ್ಲಿ ಬೆಳೆದಳು. ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯಲ್ಲಿಯೂ, ಮದರಾಸಿನ ಚರ್ಚ್ ಪಾರ್ಕ್ ಕಾನ್ವೆಂಟಿನಲ್ಲಿಯೂ ಓದಿದಳು. ಓದಿನಲ್ಲಿ ಬಹು ಚುರುಕು. 1964ರಲ್ಲಿ ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ಅತ್ಯುನ್ನತ ರೀತಿಯಲ್ಲಿ ತೇರ್ಗಡೆಯಾದಳು. ಮುಂದೆ ಓದಬೇಕೆಂಬುದು ಅವಳ ಆಸೆ.

ಆ ಬೇಸಗೆಯ ಹೊತ್ತಿನಲ್ಲಿಯೇ ಬಿ. ಆರ್. ಪಂತುಲು ಅವರು ತಮ್ಮ 'ಚಿನ್ನದ ಗೊಂಬೆ' ಎಂಬ ಕನ್ನಡ ಚಿತ್ರಕ್ಕೆ ಈ ಹುಡುಗಿಯನ್ನು ನಾಯಿಕೆಯಾಗಿ ಕೇಳಿದರು. 'ಸ್ಕೂಲ್ ಮಾಸ್ಟರ್', 'ಕಿತ್ತೂರು ಚೆನ್ನಮ್ಮ' ಮುಂತಾದುವನ್ನು ತೆಗೆದ ಗೌರವಸ್ಥರು ಪಂತುಲು. ಅವರ ಉದ್ದೇಶದಲ್ಲಿ ಕೆಡುಕಿತ್ತೆಂದು ಹೇಳಲು ಆಧಾರವಿಲ್ಲ. ರಜೆಯಲ್ಲಿ ಕೆಲಸವನ್ನು ಮುಗಿಸುವುದು, ಓದಿಗೆ ಅಡ್ಡಿಯಾಗದಂತೆ ನೋಡಿಕೊಳ್ಳುವುದು, ಹೀಗೆಂದು ಮಾತಾಯಿತು. ಹುಡುಗಿಗೆ ಆಗ 16 ವರ್ಷ. ಚಿತ್ರವು 1964ರಲ್ಲಿ ತೆರೆಗೆ ಬಂದಿತು, ನಾಯಕರು ಕಲ್ಯಾಣಕುಮಾರ್. ಅದೇ ವರ್ಷ 'ಮನೆ ಅಳಿಯ', ಮರುವರ್ಷ 'ನನ್ನ ಕರ್ತವ್ಯ', 'ಮಾವನ ಮಗಳು'. (ಈ ಕೊನೆಯ ಎರಡು ಹೆಸರುಗಳಲ್ಲಿ ಮೊದಲನೆಯದನ್ನು ಯಾರೋ ಬೇಕೆಂದೇ ಇಟ್ಟಂತಿದೆ.) 1965ರಲ್ಲಿಯೇ ತಮಿಳಿನಲ್ಲಿ ಶ್ರೀಧರ್ ಅವರ 'ವೆಣ್ಣಿರ ಆಡೈ'. ಆ ಚಿತ್ರಕ್ಕೆ ಪ್ರಾಪ್ತವಯಸ್ಕರು ಮಾತ್ರ ನೋಡತಕ್ಕದ್ದೆಂಬ ಪ್ರಮಾಣಪತ್ರ ದೊರೆಯಿತು. ಆದಕಾರಣ ಅದರಲ್ಲಿ ಅಭಿನಯಿಸಿದ ಹುಡುಗಿಗೆ ಕಾನೂನಿನ ಪ್ರಕಾರ ಅದನ್ನು ನೋಡುವ ಹಕ್ಕಿರಲಿಲ್ಲ. ಈ ಸಂಗತಿಯನ್ನು ಜನರು ವಿನೋದವಾಗಿ ಹೇಳುವುದುಂಟು. ವಿನೋದವೇನೋ ಸರಿ, ನೋಡಲು ಚಿಕ್ಕವಳಾದವಳು ಮಾಡಲು ಚಿಕ್ಕವಳಾಗಲಿಲ್ಲವೆಂಬ ಅಂಶವೂ ಅದರಲ್ಲಿಯೇ ಇದೆ.

ಅದೇ ವರ್ಷ ಎಂ. ಜಿ. ರಾಮಚಂದ್ರನ್ ಅವರೊಡನೆ 'ಆಯಿರತ್ತಿಲ್ ಒರುವನ್' ಬಂದಿತು. ಅವರಿಬ್ಬರೂ ಕೂಡಿ ನಟಿಸಿದ ಚಿತ್ರಗಳು 28. ರಜೆಯ ಮಟ್ಟಿಗೆಂದು ಹಿಡಿದ ಕೆಲಸವು 1980ರವರೆಗೆ, ಹದಿನಾರು ವರ್ಷ ನಡೆಯಿತು. ಕಾಲೇಜಿನ ವಿದ್ಯಾಭ್ಯಾಸವು ನಡೆಯಲಿಲ್ಲ. 1999ರಲ್ಲಿ ಸಿಮಿ ಗರೇವಾಲ್ ಅವರೊಡನೆ ದೂರದರ್ಶನಕ್ಕಾಗಿ ನಡೆದ ಸಂಭಾಷಣೆಯಲ್ಲಿ, ಚಲಚ್ಚಿತ್ರವೂ ರಾಜಕೀಯವೂ ತಾವಾಗಿ ಬಯಸಿ ಆರಿಸಿಕೊಂಡವಲ್ಲವೆಂಬ ಅಭಿಪ್ರಾಯವನ್ನು ಅವರು ತಿಳಿಸಿದರು. ಆಗ ಅವರಿಗೆ 51 ವರ್ಷ. ಒಂದು ರಾಜ್ಯದ ಮುಖ್ಯಮಂತ್ರಿಯಾಗಿ ಐದು ವರ್ಷ ಆಳಿದ್ದರು.

ಇನ್ನು ವಿಚಾರ. ಮಗಳು ಒಪ್ಪಿದಳಷ್ಟೆ, ಆಮೇಲೆ ದೂರುವುದೇಕೆ ಎಂಬುದು ಮೊದಲನೆಯ ಪೂರ್ವಪಕ್ಷ. ಒಪ್ಪಿಗೆಯೆಂಬುದು ಯಾವಾಗ ಒಪ್ಪಿಗೆಯಾಗುತ್ತದೆಂಬುದನ್ನು ನಮ್ಮ ಧರ್ಮಶಾಸ್ತ್ರಕಾರರು ಯೋಚಿಸದೆ ಬಿಡಲಿಲ್ಲ. ನಾರದಸ್ಮೃತಿಯು ಎಂಟು ವರ್ಷದವರೆಗಿನ ಮಗುವನ್ನು ಗರ್ಭದಲ್ಲಿರುವ ಶಿಶುವಿಗೆ ಸಮನೆಂದು ಎಣಿಸಿ, ಅಲ್ಲಿಂದ ಹದಿನಾರನೆಯ ವರ್ಷದವರೆಗೆ ಬಾಲ್ಯವೆಂದು ಹೇಳಿ, ಆ ಅವಧಿಯಲ್ಲಿ ಮಾಡಿದ ವ್ಯವಹಾರಕ್ಕೆ ಸಿದ್ಧಿಯಿಲ್ಲವೆಂದು ನಿರ್ಣಯಿಸುತ್ತದೆ. ಆಮೇಲಾದರೂ ತಂದೆತಾಯಿಗಳು ಬದುಕಿರುವ ತನಕ ಪೂರ್ಣ ಸ್ವಾತಂತ್ರ್ಯವಿಲ್ಲವೆಂದು ಸೇರಿಸುತ್ತದೆ. ಇಲ್ಲಿ ಸೂಕ್ಷ್ಮವಾಗಿ ನೋಡತಕ್ಕುದೇನೆಂದರೆ, ಸ್ವಾತಂತ್ರ್ಯವಿಲ್ಲದವನ ವ್ಯವಹಾರವನ್ನು ಅಸಿದ್ಧವೆಂದದ್ದು ಅವನನ್ನು ಕಾಪಾಡುವುದಕ್ಕಾಗಿಯೇ ಹೊರತು, ಅವನ ಹೆಸರಿನಲ್ಲಿ ಬೇರೊಬ್ಬರು ಲಾಭಪಡೆಯುವುದಕ್ಕಾಗಿ ಅಲ್ಲ. ಸ್ವತಂತ್ರಳಲ್ಲವೆಂದು ಹೇಳುವುದೂ, ಅವಳು ಒಪ್ಪಿದ್ದಳೆಂದು ಹೇಳುವುದೂ ಒಂದೇ ಬಾಯಿಂದ ಹೊರಡಲಾರವು.

ಇದಕ್ಕೆ ಶ್ರೀರಾಮನನ್ನು ಎದುರಿಗೆ ನಿಲ್ಲಿಸುವುದು ವಾಡಿಕೆ. ಪಿತೃವಾಕ್ಯಪರಿಪಾಲನೆಯಲ್ಲಿ ಅವನು ಮಾಡಿದ್ದನ್ನು ಮಕ್ಕಳೆಲ್ಲರೂ ಮಾಡಬೇಡವೇ ಎಂದು ಕೇಳುತ್ತಾರೆ. ಆದರೆ ರಾಮನು ಕಾಡಿಗೆ ಹೊರಟಾಗ ಶಾಲೆಯ ಬಾಲಕನಲ್ಲ. ವಿವಾಹಿತನು, ಶಸ್ತ್ರಶಾಸ್ತ್ರಗಳೆರಡನ್ನೂ ಬಲ್ಲವನು. ಲಕ್ಷ್ಮಣನು ಬಿಲ್ಲನ್ನು ಹಿಡಿದು ಬೇರೆ ದಾರಿಯನ್ನು ತೋರಿಸಿದನು, ಕೌಸಲ್ಯೆಯು ತಡೆದಳು, ಅಯೋಧ್ಯೆಯ ಜನರು ಅವನ ಪಕ್ಷದಲ್ಲಿದ್ದರು. ಹೋಗದಿರಲು ಎಲ್ಲ ಅವಕಾಶವೂ ಇದ್ದುಕೊಂಡು ಅವನು ಹೋದನು. ಆದುದರಿಂದಲೇ ಅದು ಗುಣವೆನಿಸಿತು. ಇಲ್ಲವೆನ್ನುವ ಬಾಗಿಲೇ ಇಲ್ಲದ ಮನೆಯಲ್ಲಿ ಹೌದೆಂದದ್ದಕ್ಕೆ ಅಷ್ಟು ಬೆಲೆಯನ್ನು ಕಟ್ಟುವುದು ಹೇಗೆ? ಅಮ್ಮನು ಕೇಳುತ್ತಾಳೆ, ಮನೆಯಲ್ಲಿ ಹಣವಿಲ್ಲ, ಒಳ್ಳೆಯ ಹಿರಿಯರೊಬ್ಬರು ಬಾಗಿಲಿಗೆ ಬಂದಿದ್ದಾರೆ. ಹದಿನಾರರ ಹುಡುಗಿ ಬೇರೆ ಏನೆಂದಾಳು?

ಐತರೇಯ ಬ್ರಾಹ್ಮಣದ ಶುನಃಶೇಪನ ಆಖ್ಯಾನವು ಈ ವಿಚಾರಕ್ಕೆ ಇನ್ನೂ ಹತ್ತಿರವಾದದ್ದು. ಹಸಿವಿನಿಂದ ಕಂಗೆಟ್ಟ ಅಜೀಗರ್ತನೆಂಬ ಋಷಿಗೆ ಮೂವರು ಮಕ್ಕಳು. ಹಿರಿಯನನ್ನು ಕೊಡಲು ತಂದೆ ಒಪ್ಪಲಿಲ್ಲ, ಕಿರಿಯನನ್ನು ಕೊಡಲು ತಾಯಿ ಒಪ್ಪಲಿಲ್ಲ; ನಡುವಣ ಶುನಃಶೇಪನು ನೂರು ಗೋವುಗಳಿಗೆ ಮಾರಾಟವಾದನು. ಯೂಪಕ್ಕೆ ಕಟ್ಟಲು ಯಾರೂ ಮುಂದೆ ಬರಲಿಲ್ಲವಾಗಿ ತಂದೆಯೇ ಇನ್ನೊಂದು ನೂರಕ್ಕೆ ಕಟ್ಟಿದನು. ಕಡಿಯಲು ಮತ್ತೊಂದು ನೂರು ಕೇಳಿ ಕತ್ತಿಯನ್ನು ಮಸೆಯುತ್ತ ಬಂದನು. ಹುಡುಗನು ದೇವತೆಗಳನ್ನು ಸ್ತುತಿಸಿ ಪಾಶದಿಂದ ಬಿಡುಗಡೆ ಹೊಂದಿದ ಮೇಲೆ ಅಜೀಗರ್ತನು ಮಗನನ್ನು ಮರಳಿ ಕೊಡೆಂದು ಕೇಳಿದನು. ಹುಡುಗನು ಒಪ್ಪದೆ, ವಿಶ್ವಾಮಿತ್ರನ ಮಗನಾಗಿ ದೇವರಾತನೆನಿಸಿದನು. ಇಲ್ಲಿ ಗಮನಿಸಬೇಕಾದದ್ದು ಮೊದಲನೆಯ ನೂರು ಗೋವುಗಳಿಗೂ ಮೂರನೆಯ ನೂರಕ್ಕೂ ಇರುವ ಅಂತರ. ಮೊದಲನೆಯದು ಹಸಿವಿನ ಬೆಲೆ. ಮೂರನೆಯದು ಹಸಿವಿನ ಬೆಲೆಯಲ್ಲ. ಅಷ್ಟು ಹೊತ್ತಿಗೆ ಹಟ್ಟಿಯಲ್ಲಿ ಇನ್ನೂರು ಗೋವುಗಳಿದ್ದವು.

ವೇದವಲ್ಲಿಯವರನ್ನು ಅಜೀಗರ್ತನೊಡನೆ ಸಮಮಾಡಿ ಹೇಳುವುದು ದೊಡ್ಡ ಅನ್ಯಾಯವಾದೀತು. ಸಾವಿರದೊಂಬೈನೂರ ಐವತ್ತರ ಸುಮಾರಿನ ಕಾಲ. ಶ್ರೀವೈಷ್ಣವ ಮನೆತನದ ಎಳೆಯ ವಿಧವೆ. ಆ ಕಾಲದ ಅನೇಕ ಮನೆಗಳಲ್ಲಿ ಇಂಥವರಿಗೆ ದೊರೆಯುತ್ತಿದ್ದುದು ಒಳಕೋಣೆಯ ಒಂದು ಮೂಲೆ, ಒಪ್ಪೊತ್ತಿನ ಊಟ. ಆಕೆ ಕಚೇರಿಗೆ ಹೋಗಿ ದುಡಿದರು, ಅದು ಸಾಲದೆ ಬಣ್ಣ ಹಚ್ಚಿದರು, ಬಂಧುಗಳ ಮಾತುಗಳನ್ನು ನುಂಗಿದರು, ಮಕ್ಕಳನ್ನು ಒಳ್ಳೆಯ ಶಾಲೆಗಳಲ್ಲಿ ಓದಿಸಿದರು. ತನ್ನ ಪಾತ್ರಗಳು ಕಡಮೆಯಾಗುತ್ತಿದ್ದ ಕಾಲದಲ್ಲಿ ಮಗಳಿಗೆ ಕರೆ ಬಂದಿತು. ಮನೆಯಲ್ಲಿ ಮಗನೂ ಇದ್ದನು. ಚಲಚ್ಚಿತ್ರದ ಮಾರುಕಟ್ಟೆಗೆ ಬೇಕಾದದ್ದು ಮಗಳು. ಆ ತಾಯಿಯ ಸ್ಥಾನದಲ್ಲಿ ನಿಂತು, ತಾನು ಬೇರೆ ರೀತಿಯಲ್ಲಿ ನಡೆಯುತ್ತಿದ್ದೆನೆಂದು ಎದೆ ಮುಟ್ಟಿ ಹೇಳಬಲ್ಲವರು ವಿರಳ. ಆದರೂ ದೋಷವು ಬೇರೆ, ಹಾನಿಯು ಬೇರೆ. ತಾಯಿಯ ದೋಷವು ಸ್ವಲ್ಪವೆಂದು, ಅಥವಾ ಇಲ್ಲವೇ ಇಲ್ಲವೆಂದು ಒಪ್ಪಿಕೊಂಡರೂ ಮಗಳಿಗಾದ ಹಾನಿಯು ಅಷ್ಟರಿಂದ ಕಿರಿದಾಗುವುದಿಲ್ಲ. ಬರಗಾಲದಲ್ಲಿ ಬಿತ್ತನೆಯ ರಾಗಿಯನ್ನು ಬೀಸಿ ತಿಂದವನನ್ನು ಯಾರೂ ಕಳ್ಳನೆನ್ನರು. ಹೊಲವಂತೂ ಬೀಳಾಗಿಯೇ ಇರುತ್ತದೆ.

ಮಕ್ಕಳು ತಂದೆತಾಯಿಗಳ ಋಣವನ್ನು ತೀರಿಸಬೇಕಲ್ಲವೇ ಎಂಬುದು ಎರಡನೆಯ ಪೂರ್ವಪಕ್ಷ, ಮೊದಲನೆಯದಕ್ಕಿಂತ ಬಲವಾದದ್ದು. ಋಣವುಂಟೆಂಬುದು ನಿರ್ವಿವಾದ. ಆದರೆ ಋಣವು ಒಂದಲ್ಲ, ಮೂರು: ದೇವಋಣ, ಋಷಿಋಣ, ಪಿತೃಋಣ. ಋಷಿಋಣವು ತೀರುವುದು ಅಧ್ಯಯನದಿಂದ. ಓದುವ ಶಕ್ತಿಯೂ ಬಯಕೆಯೂ ಇರುವ ಮಗುವನ್ನು ಓದಿನಿಂದ ಎಬ್ಬಿಸಿ ದುಡಿಮೆಗೆ ಹಚ್ಚಿದರೆ, ಒಬ್ಬ ಸಾಲಗಾರನು ಇನ್ನೊಬ್ಬ ಸಾಲಗಾರನಿಗೆ ಸಲ್ಲಬೇಕಾದುದನ್ನು ತನ್ನ ಲೆಕ್ಕಕ್ಕೆ ಎಳೆದುಕೊಂಡಂತಾಗುತ್ತದೆ. ಈ ಮೂರು ಋಣಗಳಲ್ಲಿ ತಂದೆತಾಯಿಗಳು ಒಡೆಯರಾಗಿರುವುದು ಒಂದಕ್ಕೆ ಮಾತ್ರ. ಮೇಲುಕೋಟೆಯಂಥ ಊರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹತ್ತೊಂಬತ್ತನೆಯ ಶತಮಾನದಿಂದ ಸಂಸ್ಕೃತ ಪಾಠಶಾಲೆಯನ್ನು ನಡೆಸಿಕೊಂಡು ಬಂದ ಊರದು. ಹೆಣ್ಣುಮಕ್ಕಳಿಗೂ ಋಷಿಋಣವುಂಟೆಂದು ಅಲ್ಲಿ ಎಷ್ಟು ಜನ ಆಗ ಒಪ್ಪುತ್ತಿದ್ದರೋ, ಅದು ಬೇರೆ ಮಾತು.

ಹಾಗಾದರೆ ಮಕ್ಕಳಿಂದ ಏನನ್ನೂ ಬೇಡಲೇ ಕೂಡದೇ? ಹಾಗೆಂದರೆ ರೈತನ ಮನೆಯ ಮಗನು ದನವನ್ನು ಹೊಡೆದುಕೊಂಡು ಹೋಗುವುದೂ ತಪ್ಪಾದೀತು. ಬೇಡುವುದರಲ್ಲಿ ತಪ್ಪಿಲ್ಲ, ತಪ್ಪಿರುವುದು ಅವಧಿಯಿಲ್ಲದೆ ಬೇಡುವುದರಲ್ಲಿ. ಹೇಮಗಿರಿಯ ಅಣೆಕಟ್ಟನ್ನು ನೋಡಿದವರಿಗೆ ಇದು ತಿಳಿಯದ್ದಲ್ಲ. ಹೇಮಾವತಿಯ ನೀರಿನಲ್ಲಿ ಒಂದು ಪಾಲನ್ನು ಅದು ನಾಲೆಗೆ ತಿರುಗಿಸುತ್ತದೆ, ಗದ್ದೆಗಳು ಹಸುರಾಗುತ್ತವೆ, ಉಳಿದ ನೀರು ಕಟ್ಟೆಯನ್ನು ದಾಟಿ ನದಿಯಾಗಿಯೇ ಮುಂದಕ್ಕೆ ಹೋಗಿ ಕಾವೇರಿಯನ್ನು ಸೇರುತ್ತದೆ. ಪಂತುಲು ಅವರು ಮೊದಲು ಕೇಳಿದ್ದು ಒಂದು ನಾಲೆಗೆ ಬೇಕಾದಷ್ಟನ್ನು. ಆ ಮಾತು ನಿಂತಿದ್ದರೆ ಇಲ್ಲಿ ವಿಚಾರಕ್ಕೆ ವಿಷಯವೇ ಇರುತ್ತಿರಲಿಲ್ಲ. ಆದರೆ ಒಂದು ಚಿತ್ರವು ಇನ್ನೊಂದನ್ನು ತಂದಿತು, ಕನ್ನಡವು ತಮಿಳನ್ನೂ ತೆಲುಗನ್ನೂ ತಂದಿತು, ದೊಡ್ಡ ಮನೆಯು ದೊಡ್ಡ ಖರ್ಚನ್ನು ತಂದಿತು. ಇಲ್ಲಿಗೆ ಸಾಕು, ಇನ್ನು ನಿನ್ನ ಪುಸ್ತಕವನ್ನು ತೆಗೆದುಕೋ ಎಂದು ಹೇಳುವವರು ಯಾರೂ ಇರಲಿಲ್ಲ. ಎರಡನೆಯ ನೂರು ಗೋವುಗಳು ಸದ್ದಿಲ್ಲದೆ ಬರುತ್ತವೆ.

1985ರ 'ಬೆಟ್ಟದ ಹೂವು' ಚಿತ್ರವನ್ನು ಬಲ್ಲವರು ಒಂದನ್ನು ನೆನೆಯಬಹುದು. ಕುವೆಂಪು ಅವರ ರಾಮಾಯಣದರ್ಶನವನ್ನು ಕೊಳ್ಳಬೇಕೆಂದು ಕಾಸು ಕೂಡಿಸುವ ಬಡ ಹುಡುಗನು ಕೊನೆಗೆ ಆ ಹಣದಿಂದ ಮನೆಯವರಿಗಾಗಿ ಕಂಬಳಿಯನ್ನು ತರುತ್ತಾನೆ. ಪುಸ್ತಕವನ್ನು ಬಿಟ್ಟುಕೊಟ್ಟದ್ದು ಅಲ್ಲಿಯೂ ಉಂಟು. ಆದರೆ ಅಲ್ಲಿ ಆರಿಸಿದವನು ಹುಡುಗನೇ. ಆ ಪಾತ್ರಕ್ಕಾಗಿ ರಾಷ್ಟ್ರಪ್ರಶಸ್ತಿಯನ್ನು ಪಡೆದ ಬಾಲಕ ಪುನೀತನು ರಾಜಕುಮಾರರ ಮಗ; ಅವನ ದುಡಿಮೆಯಿಂದ ಒಲೆ ಹೊತ್ತಬೇಕಾದ ಮನೆ ಅದಲ್ಲ. 1955ರಲ್ಲಿ 'ಮಹಾಕವಿ ಕಾಳಿದಾಸ'ದಲ್ಲಿ ಹದಿನೇಳರ ಹರೆಯದಲ್ಲಿ ಕಾಣಿಸಿಕೊಂಡ ಬಿ. ಸರೋಜಾದೇವಿಯವರದು ಇನ್ನೊಂದು ಬಗೆ. ತಾಯಿ ರುದ್ರಮ್ಮನವರು ಸದಾ ಜೊತೆಯಲ್ಲಿದ್ದು, ತೋಳಿಲ್ಲದ ರವಿಕೆಯನ್ನು ಮಗಳು ತೊಡಕೂಡದೆಂದು ನಿರ್ಬಂಧವಿಟ್ಟಿದ್ದರು. 2025ರ ಜುಲೈ ತಿಂಗಳಲ್ಲಿ ಕಾಲವಾಗುವವರೆಗೂ ಆ ನಟಿಯು ತಾಯಿಯ ಹೆಸರನ್ನು ಗೌರವದಿಂದ ಎತ್ತುತ್ತಿದ್ದರು. ಒಂದೇ ವೃತ್ತಿ, ಹೆಚ್ಚುಕಡಮೆ ಒಂದೇ ವಯಸ್ಸು. ವೃತ್ತಿಯಲ್ಲಿಯೇ ಕೇಡು ಇದೆಯೆನ್ನುವ ಹಳೆಯ ಆಕ್ಷೇಪಕ್ಕೆ ಇಷ್ಟು ಸಾಕು, ಅದರಲ್ಲಿ ಸಾರವಿಲ್ಲ.

ಕಾನೂನು ಈ ವಿಷಯದಲ್ಲಿ ಏನನ್ನು ಮಾಡಿದೆಯೆಂಬುದನ್ನೂ ತಿಳಿಯಬೇಕು. ಅಮೆರಿಕದಲ್ಲಿ 1921ರ ಚಾಪ್ಲಿನ್ನನ ಚಿತ್ರದಿಂದ ಲೋಕಪ್ರಸಿದ್ಧನಾದ ಜಾಕಿ ಕೂಗನ್ ಎಂಬ ಬಾಲನಟನು, ಪ್ರಾಪ್ತವಯಸ್ಕನಾದ ಮೇಲೆ ತನ್ನ ಗಳಿಕೆಯು ಬಹುಮಟ್ಟಿಗೆ ಕರಗಿಹೋಗಿರುವುದನ್ನು ಕಂಡು, 1938ರಲ್ಲಿ ತಾಯಿಯ ಮೇಲೆಯೂ ಮಲತಂದೆಯ ಮೇಲೆಯೂ ವ್ಯಾಜ್ಯ ಹೂಡಿದನು. ಅದರ ಫಲವಾಗಿ 1939ರಲ್ಲಿ ಕ್ಯಾಲಿಫೋರ್ನಿಯಾ ಸಂಸ್ಥಾನವು ಬಾಲನಟರ ಗಳಿಕೆಯಲ್ಲಿ ಒಂದು ಪಾಲನ್ನು ಕಾದಿಡಬೇಕೆಂದು ಶಾಸನ ಮಾಡಿತು. ಭಾರತದಲ್ಲಿ 2016ರ ತಿದ್ದುಪಡಿಯು 14 ವರ್ಷ ತುಂಬದ ಮಕ್ಕಳ ದುಡಿಮೆಯನ್ನು ನಿಷೇಧಿಸಿ, ಬಾಲಕಲಾವಿದರಿಗೆ ವಿನಾಯಿತಿಯನ್ನು ಕೊಟ್ಟಿತು. 2017ರ ನಿಯಮಗಳ ಪ್ರಕಾರ ದಿನಕ್ಕೆ 5 ಗಂಟೆಗೆ ಮೀರಿ ದುಡಿಸಲಾಗದು, ವಿಶ್ರಾಂತಿಯಿಲ್ಲದೆ 3 ಗಂಟೆಗೆ ಮೀರಲಾಗದು, ಗಳಿಕೆಯಲ್ಲಿ ಶೇಕಡಾ 20ನ್ನಾದರೂ ಮಗುವಿನ ಹೆಸರಿನಲ್ಲಿ ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಇಡತಕ್ಕದ್ದು. ಒಳ್ಳೆಯದೇ. ಆದರೆ ಈ ಕಟ್ಟುಪಾಡುಗಳು 14ಕ್ಕೆ ನಿಲ್ಲುತ್ತವೆ. ಹದಿನಾಲ್ಕರಿಂದ ಹದಿನೆಂಟರವರೆಗಿನವರನ್ನು ಶಾಸನವು ಅಪಾಯಕರವಾದ ಉದ್ಯೋಗಗಳಿಂದ ಮಾತ್ರ ದೂರವಿಡುತ್ತದೆ. ಬಣ್ಣ ಹಚ್ಚುವುದು ಆ ಪಟ್ಟಿಯಲ್ಲಿಲ್ಲ. ಹದಿನಾರರ ನಾಯಿಕೆಯು 1964ರಲ್ಲಿ ಇದ್ದಲ್ಲಿಯೇ ಇಂದಿಗೂ ಇದ್ದಾಳೆ.

ಮೂರನೆಯ ಪೂರ್ವಪಕ್ಷವು ಫಲವನ್ನು ನೋಡಿ ಹೇಳುವಂಥದು. ಓದಿದ್ದರೆ ಆಕೆ ಒಬ್ಬ ವಕೀಲೆಯೋ ಉಪಾಧ್ಯಾಯಿನಿಯೋ ಆಗುತ್ತಿದ್ದಳು, ಓದದೆ ಮುಖ್ಯಮಂತ್ರಿಯಾದಳು, ತಾಯಿ ಮಾಡಿದ್ದು ಒಳ್ಳೆಯದೇ ಆಯಿತಲ್ಲ ಎಂದು. ಶುನಃಶೇಪನೂ ಮಂತ್ರದ್ರಷ್ಟಾರನಾದನು. ಅದರಿಂದ ಮಾರಾಟವು ಸರಿಯಾಯಿತೆಂದು ಬ್ರಾಹ್ಮಣವು ಹೇಳುವುದಿಲ್ಲ. ಕೊಟ್ಟ ಕೆಲಸವನ್ನು ಶ್ರದ್ಧೆಯಿಂದ ಮಾಡಿ ಮೇಲೆ ಬಂದದ್ದು ಮಗಳ ಪುಣ್ಯ. ಅದನ್ನು ಕೊಟ್ಟವರ ಖಾತೆಗೆ ಬರೆಯಲಾಗದು.

ಇದೇ ನ್ಯಾಯವನ್ನು ಮುಂದುವರಿಸಿದರೆ ಜಯಲಲಿತಾ ಅವರ ಮಾತಿನ ಎರಡನೆಯ ಅರ್ಧವನ್ನು ಒಪ್ಪುವುದು ಕಷ್ಟವಾಗುತ್ತದೆ. ಚಲಚ್ಚಿತ್ರವು ತಮ್ಮ ಆಯ್ಕೆಯಲ್ಲವೆಂದದ್ದು ಸತ್ಯ. ರಾಜಕೀಯವೂ ಅಲ್ಲವೆಂದದ್ದು ಹಾಗಲ್ಲ. 1971ರಲ್ಲಿ ತಾಯಿ ತೀರಿಕೊಂಡಿದ್ದರು. 1982ರಲ್ಲಿ ರಾಮಚಂದ್ರನ್ ಅವರ ಪಕ್ಷವನ್ನು ಸೇರಿದಾಗ ಆಕೆಗೆ 34 ವರ್ಷ. 1987ರಲ್ಲಿ ಅವರು ನಿಧನರಾದ ಮೇಲೆ ಕರೆದೊಯ್ಯುವವರು ಯಾರೂ ಇರಲಿಲ್ಲ. 1989ರಲ್ಲಿ ವಿರೋಧಪಕ್ಷದ ನಾಯಕತ್ವ, 1991ರಲ್ಲಿ ಅಧಿಕಾರ. ಇವನ್ನು ಹೋರಾಡಿ ಪಡೆದರು. ಬಾಲ್ಯದಲ್ಲಿ ದಾರಿಯನ್ನು ಬೇರೊಬ್ಬರು ಹಿಡಿಸಿದರೆಂಬುದು ಆ ದಾರಿಯಲ್ಲಿ ಮುಂದೆ ಇಟ್ಟ ಪ್ರತಿಯೊಂದು ಹೆಜ್ಜೆಗೂ ಸಮಾಧಾನವಾಗಲಾರದು. ಆದಾಯಕ್ಕೆ ಮೀರಿದ ಆಸ್ತಿಯ ಮೊಕದ್ದಮೆಯು ಬೆಂಗಳೂರಿಗೆ ವರ್ಗವಾಗಿ, 2014ರ ಸೆಪ್ಟೆಂಬರ್ 27ರಂದು ವಿಶೇಷ ನ್ಯಾಯಾಲಯವು ನಾಲ್ಕು ವರ್ಷಗಳ ಸಜೆಯನ್ನೂ ನೂರು ಕೋಟಿ ರೂಪಾಯಿ ದಂಡವನ್ನೂ ವಿಧಿಸಿತು. ಪರಪ್ಪನ ಅಗ್ರಹಾರದ ಸೆರೆಮನೆಯಲ್ಲಿ ಕೆಲವು ದಿನ ಇರಬೇಕಾಯಿತು. 2015ರಲ್ಲಿ ಉಚ್ಚ ನ್ಯಾಯಾಲಯವು ಬಿಡುಗಡೆ ಮಾಡಿತು. 2017ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಬಿಡುಗಡೆಯನ್ನು ರದ್ದುಮಾಡಿ ಉಳಿದವರ ಶಿಕ್ಷೆಯನ್ನು ಎತ್ತಿಹಿಡಿದಾಗ ಆಕೆ ಬದುಕಿರಲಿಲ್ಲವಾಗಿ, ಆಕೆಯ ಮಟ್ಟಿಗೆ ವ್ಯಾಜ್ಯವು ನಿಂತುಹೋಯಿತು. ಈ ಲೆಕ್ಕವು ಆಕೆಯದೇ, ವೇದವಲ್ಲಿಯವರದಲ್ಲ.

ಈ ಸೀಮೆಯ ಜನರಿಗೆ ಇಷ್ಟನ್ನು ಸಮಚಿತ್ತದಿಂದ ಓದುವುದು ಸುಲಭವಲ್ಲವೆಂಬುದು ತಿಳಿದದ್ದೇ. 1993ರ ಜುಲೈಯಲ್ಲಿ ಕಾವೇರಿಯ ನೀರಿಗಾಗಿ ಮದರಾಸಿನ ಕಡಲ ತೀರದಲ್ಲಿ ಆಕೆ ಉಪವಾಸ ಕುಳಿತದ್ದನ್ನು ಕನ್ನಂಬಾಡಿಯ ಕೆಳಗಣ ರೈತರು ಮರೆತಿಲ್ಲ; 2016ರ ಸೆಪ್ಟೆಂಬರಿನ ಗಲಭೆಗಳೂ ಹಳೆಯ ಮಾತಲ್ಲ. ಮೇಲುಕೋಟೆಯ ಮಗಳೆಂದು ಹೆಮ್ಮೆಪಟ್ಟವರೂ, ಶತ್ರುವೆಂದು ಪ್ರತಿಕೃತಿಯನ್ನು ಸುಟ್ಟವರೂ ಒಂದೇ ಜಿಲ್ಲೆಯವರು. ಎರಡು ಪಕ್ಷದವರಿಗೂ ಬೇಕಾದದ್ದು ಮುಖ್ಯಮಂತ್ರಿ. ಚರ್ಚ್ ಪಾರ್ಕಿನ ವಿದ್ಯಾರ್ಥಿನಿಯ ಸುದ್ದಿ ಇಬ್ಬರಿಗೂ ಬೇಕಾಗಿರಲಿಲ್ಲ.

2016ರ ಡಿಸೆಂಬರ್ 5ರಂದು ಆಕೆ ಚೆನ್ನೈಯಲ್ಲಿ ನಿಧನರಾದರು. ಪಕ್ಷದವರು ಮರೀನಾದ ಮರಳಿನಲ್ಲಿ, ರಾಮಚಂದ್ರನ್ ಅವರ ಸಮಾಧಿಯ ಬಳಿಯಲ್ಲಿ, ಹೂಳಿದರು. ಶ್ರೀವೈಷ್ಣವರಲ್ಲಿ ದಹನವೇ ವಿಧಿಯೆಂದು ಈ ಕಡೆಯ ಬಂಧುಗಳು ಕೆಲವರು ಅದೇ ತಿಂಗಳು ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲಿ ದರ್ಭೆಯ ಗೊಂಬೆಯೊಂದನ್ನು ಮಾಡಿ, ಮಂತ್ರಪೂರ್ವಕವಾಗಿ ಅದನ್ನು ದಹಿಸಿ, ಉತ್ತರಕ್ರಿಯೆಗಳನ್ನು ನಡೆಸಿದರು. ಹೂಳಿದವರೂ ತಮ್ಮ ಕಾರಣವನ್ನು ಹೇಳಿದರು, ದಹಿಸಿದವರೂ ಹೇಳಿದರು.